ಮೇಷ್ಟ್ರ ಸೈಕಲ್ಲಿನ ಬ್ರೇಕ್

"ಗುರುಗಳೇ, ಕೇಳದವನಿಗೆ ಬುದ್ಧಿ ಹೇಳಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗಾದರೆ, ಒಬ್ಬನ ತಪ್ಪು ಕಣ್ಣಿಗೆ ಬಿದ್ದೂ, ಅವನಾಗಿ ಕೇಳಲಿಲ್ಲವೆಂದು ಸುಮ್ಮನಿದ್ದವನಿಗೆ ದೋಷ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಸಣ್ಣ ಪೇಟೆಯಲ್ಲಿ ಒಬ್ಬ ಸೈಕಲ್ ರಿಪೇರಿಯವನಿದ್ದ. ಮನೆಯ ಮುಂದಿನ ಚಪ್ಪರವೇ ಅವನ ಅಂಗಡಿ. ಬೀದಿಯ ಆ ಕಡೆ, ಎದುರು ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಹನ್ನೆರಡು ವರ್ಷ ಮೇಷ್ಟ್ರ ಸೈಕಲ್ಲನ್ನು ರಿಪೇರಿಯವನೇ ನೋಡಿಕೊಂಡಿದ್ದ. ಅವನದು ಶುದ್ಧ ಕೈ. ಸವೆದದ್ದನ್ನು ಬದಲಿಸುತ್ತಿದ್ದ, ಸವೆಯದ್ದನ್ನು ಮುಟ್ಟುತ್ತಿರಲಿಲ್ಲ. ಸುಳ್ಳು ಹೇಳಿ ಯಾರ ಸೈಕಲ್ಲನ್ನೂ ಬಿಚ್ಚಿದವನಲ್ಲ. ಬದುಕಿನಲ್ಲಿ ಅವನಿಗಿದ್ದ ಹೆಮ್ಮೆ ಅದೊಂದೇ.

ಒಂದು ದಿನ ಮೇಷ್ಟ್ರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನಾಲ್ಕು ಜನರ ಮುಂದೆ ಒಂದು ಮಾತು ಆಡಿದರು. ರಿಪೇರಿಯವರ ಕೈಗೆ ಸೈಕಲ್ ಕೊಟ್ಟರೆ ಗಟ್ಟಿಯಾಗಿರುವುದನ್ನೂ ಹಾಳಾಗಿದೆ ಎಂದು ತೋರಿಸುತ್ತಾರೆ, ಇನ್ನು ಮೇಲೆ ನನ್ನ ಸೈಕಲ್ಲನ್ನು ನಾನೇ ಮನೆಯಲ್ಲಿ ನೋಡಿಕೊಳ್ಳುತ್ತೇನೆ ಎಂದರು. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಆ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುವವನು ಒಬ್ಬನೇ. ಸಂಜೆಯೊಳಗೆ ಮಾತು ಅವನ ಚಪ್ಪರಕ್ಕೆ ಬಂದು ಮುಟ್ಟಿತು.

ಅವನು ಜಗಳಕ್ಕೆ ಹೋಗಲಿಲ್ಲ. ಅಂದು ಊಟ ಸೇರಲಿಲ್ಲ, ಅಷ್ಟೇ. ಮೇಷ್ಟ್ರ ಹೆಂಡತಿ ಈ ಮಾತು ತಿಳಿದು ಬಹಳ ನೊಂದುಕೊಂಡಳು. ಅವಳ ಹೆಸರು ತುಂಗಮ್ಮ. ಮಾರನೆಯ ದಿನ ತಾನೇ ಬೀದಿ ದಾಟಿ ಬಂದು, ಅವರ ನಾಲಿಗೆಯೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ತಮ್ಮಾ ಎಂದು ಹೇಳಿ ಹೋದಳು. ರಿಪೇರಿಯವನ ಹೆಂಡತಿ ಹಿಂದೊಮ್ಮೆ ಜ್ವರದಿಂದ ಮಲಗಿದ್ದಾಗ ಎಂಟು ದಿನ ಗಂಜಿ ಕಾಯಿಸಿ ತಂದವಳು ಅವಳು. ಅವಳ ಮೇಲೆ ಅವನಿಗೆ ಮುನಿಸು ಇರಲಿಲ್ಲ. ಮುನಿಸು ಮೇಷ್ಟ್ರ ಮೇಲೆ ಮಾತ್ರ.

ಮುಂದಿನ ಭಾನುವಾರ ಮೇಷ್ಟ್ರು ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗೆ ನಿಲ್ಲಿಸಿದರು. ಪೇಟೆಯ ಬಿಡಿಭಾಗದ ಅಂಗಡಿಯಿಂದ ನಾಲ್ಕು ಹೊಸ ಬ್ರೇಕ್ ರಬ್ಬರ್ ತಂದಿದ್ದರು. ಹಿಂದಿನ ಚಕ್ರಕ್ಕೆ ಎರಡು, ಮುಂದಿನ ಚಕ್ರಕ್ಕೆ ಎರಡು. ಪಂಚೆ ಎತ್ತಿ ಕಟ್ಟಿ, ಸ್ಪ್ಯಾನರ್ ಹಿಡಿದು, ಹಳೆಯದನ್ನೆಲ್ಲ ಬಿಚ್ಚಿದರು. ಚಕ್ರದ ಅಂಚನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿದರು. ಕೆಲಸದಲ್ಲಿ ಶ್ರದ್ಧೆಯಿತ್ತು. ರಿಪೇರಿಯವನು ತನ್ನ ಚಪ್ಪರದಲ್ಲಿ ಟ್ಯೂಬಿಗೆ ತೇಪೆ ಹಚ್ಚುತ್ತಾ ನೋಡುತ್ತಿದ್ದ. ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಬ್ರೇಕ್ ರಬ್ಬರ್ ಒಂದು ತಗಡಿನ ಗೂಡಿನಲ್ಲಿ ಕೂತಿರುತ್ತದೆ. ಆ ಗೂಡಿನ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತುದಿ ತೆರೆದಿರುತ್ತದೆ. ಮುಚ್ಚಿದ ತುದಿ ಮುಂದಕ್ಕೆ ಬರಬೇಕು. ಬ್ರೇಕ್ ಹಿಡಿದಾಗ ಓಡುವ ಚಕ್ರ ರಬ್ಬರನ್ನು ಮುಂದಕ್ಕೆ ಎಳೆಯುತ್ತದೆ. ಮುಂದೆ ಗೋಡೆಯಿದ್ದರೆ ರಬ್ಬರ್ ನಿಲ್ಲುತ್ತದೆ, ಬಾಗಿಲಿದ್ದರೆ ಹೊರಗೆ ಹೋಗುತ್ತದೆ. ಮೇಷ್ಟ್ರು ನಾಲ್ಕನ್ನೂ ಹಿಂದುಮುಂದು ಮಾಡಿ ಬಿಗಿದರು.

ರಿಪೇರಿಯವನಿಗೆ ಇದು ಬೀದಿಯ ಈಚೆಯಿಂದಲೇ ಕಂಡಿತು. ಸಮತಟ್ಟು ದಾರಿಯಲ್ಲಿ ಮೆಲ್ಲಗೆ ಹಿಡಿದರೆ ರಬ್ಬರ್ ತಿಂಗಳುಗಟ್ಟಲೆ ಕೂತಿದ್ದೀತು. ಇಳಿಜಾರಿನಲ್ಲಿ ಭಾರ ಹೊತ್ತು ಒಮ್ಮೆ ಜೋರಾಗಿ ಹಿಡಿದರೆ ಸಾಕು, ಜಾರಿ ಹೋಗುತ್ತದೆ. ಅವನು ಟ್ಯೂಬನ್ನು ಕೆಳಗಿಟ್ಟು ಎದ್ದ. ಬೀದಿ ದಾಟಿ ಮೇಷ್ಟ್ರ ಅಂಗಳದ ಬೇಲಿಯವರೆಗೂ ಹೋದ.

ಮೇಷ್ಟ್ರು ತಲೆಯೆತ್ತಿ ನೋಡಿದರು. "ಏನಪ್ಪಾ, ಹೊಟ್ಟೆಪಾಡು ಹೋಯಿತು ಎಂದು ನೋಡಲು ಬಂದೆಯಾ? ನೋಡು. ಇದೇನು ಬ್ರಹ್ಮವಿದ್ಯೆಯಲ್ಲ" ಎಂದರು.

ಅವನು ಒಂದು ಮಾತೂ ಆಡದೆ ಹಿಂದಿರುಗಿದ.

ಊಟದ ಹೊತ್ತಿಗೆ ಹೆಂಡತಿಗೆ ಎಲ್ಲ ಹೇಳಿದ. ಈಗಲೇ ಹೋಗಿ ಹೇಳಿ ಬನ್ನಿ ಎಂದಳು ಅವಳು. ಕೇಳದವನಿಗೆ ನಾನೇಕೆ ಹೇಳಲಿ, ಕೇಳಿದರೆ ಹೇಳುತ್ತೇನೆ ಎಂದ. ಮೇಷ್ಟ್ರ ಮುಖ ನೋಡಲು ಇಷ್ಟವಿಲ್ಲದಿದ್ದರೆ ತುಂಗಕ್ಕನ ಕಿವಿಗಾದರೂ ಹಾಕಿ ಎಂದಳು. ನಾಳೆ ನೋಡೋಣ ಎಂದ. ನೀವು ಹೋಗದಿದ್ದರೆ ನಾನೇ ಹೋಗುತ್ತೇನೆ ಎಂದಾಗ ಅವನು ಸಿಟ್ಟಾದ. ನನ್ನ ಕಸುಬಿನ ವಿಷಯ, ನಡುವೆ ನೀನು ಬರಬೇಡ ಎಂದ. ಅವಳು ಸುಮ್ಮನಾದಳು.

ಸೋಮವಾರ ಮೇಷ್ಟ್ರು ಆ ಸೈಕಲ್ಲಿನಲ್ಲಿ ಶಾಲೆಗೆ ಹೋದರು. ಶಾಲೆಯ ದಾರಿ ಸಮತಟ್ಟು. ಸಂಜೆ ಸುಖವಾಗಿ ಮನೆಗೆ ಬಂದರು. ರಿಪೇರಿಯವನಿಗೆ ಒಳಗೊಳಗೇ ಒಂದು ನೆಮ್ಮದಿ, ಅದರ ಜೊತೆಗೇ ಒಂದು ನಿರಾಸೆ. ಎಲ್ಲಾದರೂ ಒಂದು ರಬ್ಬರ್ ಜಾರಿ ಬೀಳಲಿ, ಮೊಣಕಾಲು ತರಚಿಕೊಂಡು ನನ್ನ ಚಪ್ಪರಕ್ಕೆ ಬರಲಿ, ಆಗ ನಾಲ್ಕು ಜನರ ಮುಂದೆ ತೋರಿಸುತ್ತೇನೆ ಎಂದು ಅವನ ಮನಸ್ಸು ಹೇಳುತ್ತಿತ್ತು. ಅದಕ್ಕಿಂತ ದೊಡ್ಡ ಕೇಡನ್ನು ಅವನು ಬಯಸಲಿಲ್ಲ.

ಹೀಗೆ ನಾಲ್ಕು ದಿನ ಕಳೆಯಿತು. ಐದನೆಯ ದಿನ ಅವನ ಸಿಟ್ಟು ಇಳಿಯಿತು. ಹೇಳಿಬಿಡೋಣ ಎಂದು ಎದ್ದವನಿಗೆ ಬೇರೊಂದು ಅಡ್ಡಿ ಎದುರಾಯಿತು. ಗೊತ್ತಿದ್ದೂ ನಾಲ್ಕು ದಿನ ಏಕೆ ಸುಮ್ಮನಿದ್ದೆ ಎಂದು ಮೇಷ್ಟ್ರು ಕೇಳಿದರೆ? ಅವನು ಮತ್ತೆ ಕೂತು ಕೆಲಸಕ್ಕೆ ಕೈ ಹಾಕಿದ. ಹತ್ತನೆಯ ದಿನ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಹದಿನೈದನೆಯ ದಿನ ಅವನು ಮೇಷ್ಟ್ರ ಸೈಕಲ್ಲಿನ ಕಡೆ ನೋಡುವುದನ್ನೇ ಬಿಟ್ಟ. ಮೊದಲು ಬಾಯಿ ಕಟ್ಟಿದ್ದು ಅಭಿಮಾನ. ಆಮೇಲೆ ಕಟ್ಟಿದ್ದು ಭಯ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮೇಷ್ಟ್ರು ಬಿಳಿ ಪಂಚೆ ಉಟ್ಟು ಸೈಕಲ್ಲನ್ನು ಹೊರಗೆ ತಂದರು. ತುಂಗಮ್ಮ ಕೈಯಲ್ಲೊಂದು ಚೀಲ ಹಿಡಿದು ಬಂದಳು. ಎದುರಿಗೆ ರಿಪೇರಿಯವನನ್ನು ಕಂಡು, ಅಕ್ಕನ ಮೊಮ್ಮಗುವಿಗೆ ಇವತ್ತು ನಾಮಕರಣ, ಕೆರೆಯ ಇಳಿಜಾರಿನಲ್ಲಿ ಹೋದರೆ ಬೇಗ ಸೇರಬಹುದು ಎಂದಳು. ಅವನು ಎದ್ದು ನಿಂತ. ಒಂದು ನಿಮಿಷ ಅಕ್ಕಾ ಎಂದ. ತುಂಗಮ್ಮ ನಿಂತಳು.

ಮೇಷ್ಟ್ರು ಹೊತ್ತಾಯಿತು ಎಂದು ಗಂಟೆ ಬಾರಿಸಿದರು. ಪಕ್ಕದ ಮನೆಯವರಿಬ್ಬರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅವರ ಮುಂದೆ ಇಪ್ಪತ್ತೊಂದು ದಿನದ ಲೆಕ್ಕ ಹೇಳಬೇಕಾಗುತ್ತದೆ ಎನ್ನಿಸಿತು ಅವನಿಗೆ. ಇವತ್ತು ಒಂದು ದಿನ ಕಳೆಯಲಿ, ಅವರು ಬಂದ ಮೇಲೆ ತುಂಗಕ್ಕ ಒಬ್ಬಳೇ ಇರುವಾಗ ಹೇಳುತ್ತೇನೆ ಎಂದುಕೊಂಡ. ಮಗುವಿಗೆ ನನ್ನದೂ ಆಶೀರ್ವಾದ ಎಂದು ತಿಳಿಸಿ ಅಕ್ಕಾ ಎಂದ. ಅವಳು ನಕ್ಕು, ಹಿಂದಿನ ಕ್ಯಾರಿಯರ್ ಮೇಲೆ ಕೂತಳು.

ಇಳಿಜಾರಿನ ನಡುವೆ ಎದುರಿಗೆ ಒಂದು ಹಸು ಅಡ್ಡ ಬಂತು. ಮೇಷ್ಟ್ರು ಎರಡೂ ಬ್ರೇಕನ್ನು ಬಲವಾಗಿ ಹಿಡಿದರು. ಮುಂದಿನ ರಬ್ಬರ್ ಎರಡೂ ಹಾರಿದವು, ಮರುಕ್ಷಣ ಹಿಂದಿನವೂ ಹೋದವು. ಸೈಕಲ್ ಹಸುವನ್ನು ತಪ್ಪಿಸಿಕೊಂಡು ಕೆರೆಯ ತೂಬಿನ ಕಲ್ಲಿಗೆ ಬಡಿಯಿತು. ಮೇಷ್ಟ್ರ ಬಲಗೈ ಮುರಿಯಿತು. ತುಂಗಮ್ಮನ ತಲೆ ಕಲ್ಲಿಗೆ ತಗುಲಿತು.

ಸುದ್ದಿ ಕೇಳಿ ಮೊದಲು ಓಡಿದವನು ರಿಪೇರಿಯವನೇ. ಅವಳನ್ನು ಎತ್ತಿ, ಆಟೋದಲ್ಲಿ ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಮೂರು ದಿನ ಅಲ್ಲಿಂದ ಕದಲಲಿಲ್ಲ. ಮೂರನೆಯ ದಿನ ಅವಳು ತೀರಿಕೊಂಡಳು. ಸ್ವಂತ ತಮ್ಮನೂ ಹೀಗೆ ನೋಡಿಕೊಳ್ಳುತ್ತಿರಲಿಲ್ಲ ಎಂದು ಊರವರು ಆಡಿಕೊಂಡರು.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಮೇಷ್ಟ್ರು ಎಡಗೈಯಲ್ಲಿ ಸೈಕಲ್ ತಳ್ಳಿಕೊಂಡು ಬೀದಿ ದಾಟಿ ಬಂದರು. ಬಲಗೈ ಕೊರಳಿಗೆ ಕಟ್ಟಿತ್ತು. ಚಪ್ಪರದಲ್ಲಿ ನಾಲ್ಕೈದು ಜನರಿದ್ದರು. ಅವರೆಲ್ಲರ ಮುಂದೆ ಮೇಷ್ಟ್ರು ಹೇಳಿದರು:

"ನಿನ್ನ ಪ್ರಾಮಾಣಿಕತೆಯ ಬಗ್ಗೆ ನಾನು ಹೀನಾಯವಾಗಿ ಆಡಿದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಈ ಬ್ರೇಕ್ ನೋಡಿ ನಿಜ ಹೇಳು. ನನ್ನ ಕೈಯಿಂದ ತಪ್ಪಾಗಿತ್ತೇ?"

ಕಡೆಗೂ ಮೇಷ್ಟ್ರು ಕೇಳಿದ್ದರು. ರಿಪೇರಿಯವನು ಕುಕ್ಕರಗಾಲಲ್ಲಿ ಕೂತು ಖಾಲಿ ಗೂಡುಗಳನ್ನು ಮುಟ್ಟಿ ನೋಡಿದ. ನಿಜ ಹೇಳಿದರೆ ಈ ಮನುಷ್ಯ ಇನ್ನು ಬದುಕಲಾರ ಎಂದು ಒಂದು ಯೋಚನೆ ಬಂತು. ನಿಜ ಹೇಳಿದರೆ, ನಾನು ಬೇಲಿಯ ಬಳಿ ನಿಂತು ಹಿಂದಿರುಗಿದ ಆ ಭಾನುವಾರ ಇವರಿಗೆ ನೆನಪಾಗುತ್ತದೆ ಎಂದು ಇನ್ನೊಂದು ಯೋಚನೆ ಬಂತು. ಯಾವುದು ಮೊದಲು ಬಂತು ಎಂಬುದು ಅವನಿಗೆ ಗೊತ್ತಿತ್ತು.

"ಇಲ್ಲ ಮೇಷ್ಟ್ರೇ. ನೀವು ಹಾಕಿದ್ದು ಸರಿಯಾಗಿಯೇ ಇತ್ತು. ಮಾಲು ಸರಿಯಿರಲಿಲ್ಲ" ಎಂದ.

ಮೇಷ್ಟ್ರು ನೆಟ್ಟಗೆ ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವನು ಸಾಧು. ಬೈಗುಳವನ್ನೆಲ್ಲ ಕೇಳಿಸಿಕೊಂಡು, ಸೈಕಲ್ಲನ್ನು ನೋಡಿ, ಇವು ಹಿಂದುಮುಂದಾಗಿವೆ ಸ್ವಾಮಿ, ನಿಮ್ಮ ಎದುರು ಮನೆಯವನನ್ನೇ ಕೇಳಿ ಎಂದ. ಮೇಷ್ಟ್ರು ಅವನನ್ನೂ ಕರೆದುಕೊಂಡು ಮತ್ತೆ ಬಂದು ಕೇಳಿದರು. ರಿಪೇರಿಯವನು ತಲೆಯೆತ್ತದೆ, ಮಾಲು ಮಾರಿದವನು ಇನ್ನೇನು ಹೇಳಿಯಾನು ಎಂದ. ರಿಪೇರಿಯವನು ಸುಳ್ಳು ಹೇಳಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಹಾಗಾಗಿ ಎಲ್ಲರೂ ನಂಬಿದರು. ಜನ ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಹೆಂಗಸರು ಬೀದಿಯಲ್ಲಿ ಅಂಗಡಿಯವನ ಹೆಂಡತಿಯನ್ನು ಕಂಡು ಮುಖ ತಿರುಗಿಸಿದರು. ವರ್ಷ ತುಂಬುವುದರೊಳಗೆ ಅವನು ಬಾಗಿಲು ಹಾಕಿ, ಹೆಂಡತಿ ಮಕ್ಕಳೊಂದಿಗೆ ಬೇರೆ ಊರಿಗೆ ಹೋದ.

ಮೇಷ್ಟ್ರು ಅದೇ ಹೋಟೆಲಿನಲ್ಲಿ, ಅದೇ ಜನರ ಮುಂದೆ, ಈ ಪೇಟೆಯಲ್ಲಿ ನಂಬಬಹುದಾದ ಮನುಷ್ಯ ನಮ್ಮ ರಿಪೇರಿಯವನೊಬ್ಬನೇ ಎಂದು ಹೇಳಿದರು. ರಿಪೇರಿಯವನು ಬಯಸಿದ್ದ ಮಾತು ಅದೇ. ಅಂದೂ ಅವನಿಗೆ ಊಟ ಸೇರಲಿಲ್ಲ.

ಪ್ರತಿ ವರ್ಷ ತುಂಗಮ್ಮನ ಶ್ರಾದ್ಧದ ಮರುದಿನ ಮೇಷ್ಟ್ರು ರಿಪೇರಿಯವನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆಯುತ್ತಿದ್ದರು. ಮೊದಲ ವರ್ಷವೇ ಹೆಂಡತಿ ಬರಲೊಲ್ಲೆ ಎಂದಳು. "ನೀವು ಹೋಗಿ ಉಂಡು ಬನ್ನಿ. ನನಗೆ ಆ ಅಕ್ಕನ ಗಂಜಿ ಇನ್ನೂ ಅರಗಿಲ್ಲ" ಎಂದಳು. ಆಮೇಲೆ ಆ ವಿಷಯವನ್ನು ಅವಳು ಎಂದೂ ಎತ್ತಲಿಲ್ಲ. ಅವನ ಜೊತೆ ಬೇರೆ ಮಾತನ್ನೂ ಅಗತ್ಯವಿದ್ದಷ್ಟೇ ಆಡಿದಳು.

ಅವನು ಒಬ್ಬನೇ ಹೋಗುತ್ತಿದ್ದ. ಮೇಷ್ಟ್ರು ತಾವೇ ಎಲೆ ಹಾಕಿ, ಸೊಟ್ಟಗೆ ಕೂಡಿದ ಬಲಗೈಯಿಂದ ಬಡಿಸುತ್ತಿದ್ದರು. ಇನ್ನೊಂದು ಸ್ವಲ್ಪ ಹಾಕಿಸಿಕೊ, ಅವಳ ಕೊನೆಯ ಉಸಿರಿನಲ್ಲಿ ಜೊತೆಗಿದ್ದವನು ನೀನು ಎನ್ನುತ್ತಿದ್ದರು. ಪ್ರತಿ ವರ್ಷವೂ ಅವನು ಇವತ್ತು ಹೇಳುತ್ತೇನೆ ಎಂದು ನಿಶ್ಚಯಿಸಿ ಬೀದಿ ದಾಟುತ್ತಿದ್ದ. ಉಂಡು, ಕೈ ತೊಳೆದು, ಹಿಂದಿರುಗುತ್ತಿದ್ದ. ಏಳು ವರ್ಷ ಹೀಗೆ ನಡೆಯಿತು. ಎಂಟನೆಯ ವರ್ಷ ಮೇಷ್ಟ್ರು ಮಲಗಿದಲ್ಲೇ ಹೋದರು. ಆ ಊರಿನಲ್ಲಿ ಅವನ ಮಾತನ್ನು ಕೇಳಿಸಿಕೊಳ್ಳಬೇಕಾದವರು ಇನ್ನು ಯಾರೂ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನೆಲ ನೋಡುತ್ತಾ, "ಮೊದಲನೆಯ ದಿನವೇ ಹೇಳಿದ್ದರೆ ಅವನಿಗೆ ಎಷ್ಟು ಸುಲಭವಿತ್ತು, ಗುರುಗಳೇ" ಎಂದ.

ಗುರುಗಳು ಕೇಳಿದರು: "ನಿನಗೆ ಇದು ಎಷ್ಟನೆಯ ದಿನ?"

ಶಿಷ್ಯ ಬೆರಳು ಮಡಿಸಿ ಎಣಿಸತೊಡಗಿದ.