ಶನಿವಾರದ ಕಿಟಕಿ

೨೦೧೯ನೆಯ ಇಸವಿ, ಫೆಬ್ರವರಿ ಎಂಟು, ಶುಕ್ರವಾರ, ಬೆಳಗ್ಗೆ ಎಂಟೂವರೆ ಗಂಟೆ.

ಕಪಿಲಾ ನದಿಯ ದಂಡೆಯ ಆಶ್ರಮದ ಮುಂದೆ ಕಾರೊಂದು ನಿಂತಿತು. ಇಳಿದವಳು ಮಂದಾಕಿನಿ. ಒಂದು ಕೈಯಲ್ಲಿ ಹೊಸ ರೇಡಿಯೋ, ಇನ್ನೊಂದರಲ್ಲಿ ಅವಳ ಸಹಿಗಾಗಿ ಕಾದಿದ್ದ ಕಾಗದಗಳು.

ರೇಡಿಯೋ ಅವಳ ಕಾರ್ಖಾನೆಯದೇ. ಅವಳ ತಂದೆ ಕಟ್ಟಿದ ‘ಮಂಜುಘೋಷ’ ಒಂದು ಕಾಲಕ್ಕೆ ಮನೆಮನೆಯಲ್ಲೂ ಹಾಡಿತ್ತು. ಈಗ ಅಂಗಡಿಯವರು ಅದನ್ನು ಹಿಂದಿನ ಕಪಾಟಿಗೆ ಸರಿಸಿದ್ದರು.

ಸಹಿ ಬಿದ್ದರೆ ಹೆಸರು ಪರರ ಪಾಲಾಗುತ್ತಿತ್ತು, ಕಾರ್ಖಾನೆ ಮುಚ್ಚುತ್ತಿತ್ತು, ಇನ್ನೂರ ಹನ್ನೆರಡು ಮಂದಿಯ ಕೆಲಸ ಹೋಗುತ್ತಿತ್ತು. ಸಭೆ ಅಂದೇ ಮಧ್ಯಾಹ್ನ ಮೂರಕ್ಕೆ.

ಗುರುಗಳು ಹೀರೆಬಳ್ಳಿಗೆ ಹಂದರ ಕಟ್ಟುತ್ತಿದ್ದರು. ಅವಳು ನಮಸ್ಕರಿಸಿದಳು.

“ಗುರುಗಳೇ, ಒಂದು ಪ್ರಶ್ನೆಗೆ ಉತ್ತರ ಬೇಕು. ನಮ್ಮನ್ನು ಅಷ್ಟು ಮೆಚ್ಚಿದ್ದ ಜನ ನಮ್ಮನ್ನು ಏಕೆ ಬಿಟ್ಟರು?”

“ತಿಂಡಿ ಆಯಿತೇ?”

“ಇಲ್ಲ. ಹಸಿವೂ ಇಲ್ಲ.”

“ನನಗಿದೆ. ಕೆಂಪಾಜಮ್ಮ ಒಬ್ಬಳೇ ಹದಿನೆಂಟು ಜನಕ್ಕೆ ರೊಟ್ಟಿ ತಟ್ಟುತ್ತಿದ್ದಾಳೆ. ಹೋಗಿ ಹಿಟ್ಟು ನಾದಿಕೊಡು. ಆ ರೇಡಿಯೋವನ್ನೂ ಒಳಗೆ ತೆಗೆದುಕೊಂಡು ಹೋಗಿ ಹಾಡಿಸು.”

“ಮೂರು ಗಂಟೆಗೆ ಸಭೆಯಿದೆ, ಗುರುಗಳೇ.”

“ಹಿಟ್ಟು ಅಷ್ಟು ಹೊತ್ತು ಹಿಡಿಯುವುದಿಲ್ಲ.”

ಮೂವತ್ತು ವರ್ಷಗಳಿಂದ ಶಿಷ್ಯೆ. ಮರುಮಾತಾಡದೆ ಕಾಗದಗಳನ್ನು ಜಗಲಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ, ಒಳಗೆ ಹೋದಳು.

ಅಡುಗೆಮನೆಯ ಕಿಟಕಿಯಲ್ಲಿ ಹಳೆಯದೊಂದು ಮಂಜುಘೋಷ ಹಾಡುತ್ತಿತ್ತು. ಅದರ ಒಂದು ಮೂಲೆಗೆ ಬಟ್ಟೆಪಟ್ಟಿ ಸುತ್ತಿತ್ತು. ಅಡುಗೆಯ ಕೆಂಪಾಜಮ್ಮ ಅದರ ದನಿ ಏರಿಳಿಸುವ ದಪ್ಪ ತಿರುಪನ್ನು ಮಣಿಕಟ್ಟಿನಿಂದಲೇ ತಿರುಗಿಸಿ ನಿಲ್ಲಿಸಿದಳು.

“ಬನ್ನಿ ಅವ್ವಾ. ಇನ್ನೊಂದು ತಂದ್ರಾ?”

ಮಂದಾಕಿನಿ ಕಪಾಟಿನತ್ತ ನೋಡಿದಳು. ಪ್ರತಿ ಗುರುಪೂರ್ಣಿಮೆಗೆ ಅವಳು ಕಾಣಿಕೆ ಕೊಟ್ಟ ಸೆಟ್ಟುಗಳು ಅಲ್ಲಿದ್ದವು. ಒಂದರ ಮೇಲೆ ಬೇಳೆಯ ಡಬ್ಬ, ಇನ್ನೊಂದರ ಮೇಲೆ ಹುಣಸೆಹಣ್ಣಿನ ಜಾಡಿ.

“ಇವು ಕೆಟ್ಟಿವೆಯೇ?”

“ಕೆಡೋಕೆ ಯಾವತ್ತಾದ್ರೂ ಹಾಕಿದ್ರಲ್ವಾ?”

ಮಂದಾಕಿನಿ ಹೊಸದನ್ನು ಹಾಡಿಸಿದಳು. ಇಡೀ ಮುಖ ಗಾಜು. ಬೆರಳು ಸೋಕಿದರೆ ಸಾಕು, ಅಂಕಿಗಳು ಬೆಳಗುತ್ತಿದ್ದವು. ದನಿ ಶುದ್ಧವಾಗಿತ್ತು. ಅವಳಿಗೆ ಹೆಮ್ಮೆಯಾಯಿತು. ಸೆರಗು ಸಿಕ್ಕಿಸಿ, ಸಬ್ಬಸಿಗೆ ಸೊಪ್ಪು ಬೆರೆಸಿದ ಅಕ್ಕಿಹಿಟ್ಟಿಗೆ ಕೈಹಾಕಿದಳು.

ಹಿಟ್ಟು ಮೊಣಕೈಯವರೆಗೆ ಅಂಟಿದ ಹೊತ್ತಿಗೆ ಹೊರಗಿನಿಂದ ಗುರುಗಳ ಕೂಗು ಬಂತು.

“ಮಂದಾಕಿನೀ, ಅದನ್ನು ಸ್ವಲ್ಪ ಸಣ್ಣ ಮಾಡು!”

ಅವಳು ಕಿರುಬೆರಳಿನಿಂದ ಗಾಜನ್ನು ಮುಟ್ಟಿದಳು. ಏನೂ ಆಗಲಿಲ್ಲ. ಮತ್ತೆ ಮುಟ್ಟಿದಳು. ನಿಲಯ ಬದಲಾಯಿತು. ಯಾರೋ ತಲೆನೋವಿನ ಮುಲಾಮಿನ ಜಾಹೀರಾತನ್ನು ಕಿರುಚತೊಡಗಿದರು. ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಕಿರುಚಾಟ ಇನ್ನೂ ಹೆಚ್ಚಿತು.

“ಸಣ್ಣ ಮಾಡು ಎಂದೆ!”

“ಮಾಡುತ್ತಿದ್ದೇನೆ, ಗುರುಗಳೇ!”

ಕೆಂಪಾಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಿಮ್ ಮಾತೂ ಕೇಳಾಕಿಲ್ವಾ ಅದು? ನಾನು ಓದಿಲ್ದೋಳು ಅಂತ ನನ್ನ ಕಂಡ್ರೆ ಮಾತ್ರ ಅದ್ಕೆ ಆಗಾಕಿಲ್ಲ ಅನ್ಕಂಡಿದ್ದೆ.”

ಮಂದಾಕಿನಿ ಕೊನೆಗೆ ವೈರನ್ನೇ ಕಿತ್ತಳು. ಅಡುಗೆಮನೆ ಮೌನವಾಯಿತು.

“ಇಷ್ಟು ವರ್ಷ ನೀನು ಒಂದು ಮಾತು ಹೇಳಲಿಲ್ಲವಲ್ಲ, ಕೆಂಪಾಜಮ್ಮ.”

“ಯಾರ್ಗೇಳ್ಲಿ? ದೊಡ್ಡೋರು ನಿಮ್ಮಪ್ಪಾರು ಇದ್ದಾಗ ಕಾರ್ಖಾನೆ ಹಿಂದ್ಗಡೆ ಒಂದು ಕಿಟಕಿ ಇತ್ತು. ಶನಿವಾರ ಶನಿವಾರ ಅವರೇ ಕುಂತಿರೋರು, ತಿರುಪುಳಿ ಹಿಡ್ಕಂಡು. ಈ ಹಳೇದನ್ನ ನಾನು ಮೂರು ಸಲ ಒಯ್ದಿದ್ದೆ. ರಿಪೇರಿ ಮಾಡ್ತಾ ಮಾಡ್ತಾ ಕೇಳೋರು, ‘ಎಲ್ಲಿ ಇಡ್ತೀಯ, ಯಾವಾಗ ಹಾಕ್ತೀಯ, ಯಾವ ಕೈಯಲ್ಲಿ ತಿರುಗಿಸ್ತೀಯ’ ಅಂತ. ಮುಂದಿನ್ ವರ್ಷ ಬಂದ ಸೆಟ್ಟಿನ ತಿರುಪು ದಪ್ಪ ಆಗಿತ್ತು, ಅಂಚಿಗೆ ಗೀರೂ ಇತ್ತು. ಇದಕ್ಕೂ ಅಂಥದ್ದೇ ಹಾಕ್ಕೊಟ್ರು.”

“ಆಮೇಲೆ?”

“ನಿಮ್ ಕಾಲ್ದಲ್ಲೂ ಒಂದ್ಸಲ ಬಂದಿದ್ದೆ ಕಣವ್ವಾ. ಕಿಟಕಿಗೆ ಇಟ್ಟಿಗೆ ಕಟ್ಬುಟ್ಟಿದ್ರಿ. ಗೇಟಿನೋನು ಒಂದು ನಂಬರ್ ಬರ್ಕೊಟ್ಟ. ಫೋನ್ ಮಾಡಿದ್ರೆ ಒಬ್ಳು ಒಂದ್ ಒತ್ತಿ, ಎರಡ್ ಒತ್ತಿ ಅಂತಿದ್ಲು. ಒಂಬತ್ತರ ತಂಕ ಒತ್ತಿದೆ. ಆಮೇಲೆ ಬೇಳೆ ಡಬ್ಬ ಇಟ್ಟೆ.”

ಮಂದಾಕಿನಿ ಹಿಟ್ಟಿನ ಕೈಗಳಲ್ಲೇ ಹೊರಗೆ ಬಂದಳು.

ಗುರುಗಳು ಹಂದರದ ಗಂಟು ಬಿಗಿಯುತ್ತಿದ್ದರು. ಅವಳ ಕೈಗಳನ್ನು ನೋಡಿದರು.

“ಗುರುಗಳೇ, ಅಪ್ಪ ಕೂರುತ್ತಿದ್ದ ಆ ಕಿಟಕಿಯನ್ನು ಮುಚ್ಚಿಸಿದವಳು ನಾನು.”

“ಏಕೆ?”

“ರಿಪೇರಿಗೆ ಬರುವವರು ಕಡಿಮೆಯಾಗಿದ್ದರು. ಮುಚ್ಚಿದ ಮೇಲೆ ವರ್ಷದಿಂದ ವರ್ಷಕ್ಕೆ ದೂರುಗಳು ಇಳಿದವು. ನಮ್ಮ ಸೆಟ್ಟುಗಳು ಅಷ್ಟು ಚೆನ್ನಾಗಿವೆ ಎಂದುಕೊಂಡೆವು. ದೂರು ಕಡಿಮೆಯೆಂದು ಪ್ರಶಸ್ತಿಯೂ ಬಂತು. ಸಿಹಿ ಹಂಚಿದೆವು.”

“ಇಲ್ಲಿಗೂ ತಂದಿದ್ದೆ. ಬಾದಾಮಿ ಬರ್ಫಿ. ಚೆನ್ನಾಗಿತ್ತು.”

ಅವಳು ತಲೆತಗ್ಗಿಸಿದಳು.

“ಗಾಜಿನ ಮುಖ ಯಾರ ಸಲಹೆ?” ಗುರುಗಳು ಕೇಳಿದರು.

“ಯಾರದೂ ಅಲ್ಲ. ಎದುರಾಳಿ ಕಂಪನಿಗಳೆಲ್ಲ ಗಾಜು ಹಾಕಿದವು. ತಿರುಪಿಟ್ಟುಕೊಂಡು ಪೇಟೆಯಲ್ಲಿ ನಿಲ್ಲಲು ನಮಗೆ ನಾಚಿಕೆಯಾಯಿತು.”

“ಅವರ ಗಿರಾಕಿಗಳು ಹಿಟ್ಟು ನಾದುತ್ತಾರೆಯೇ?”

“ಗೊತ್ತಿಲ್ಲ.”

“ನಿಮ್ಮವರು?”

ಅವಳು ತನ್ನ ಕೈಗಳನ್ನು ನೋಡಿಕೊಂಡಳು.

“ಅದೂ ಗೊತ್ತಿರಲಿಲ್ಲ.”

ಗುರುಗಳು ಹಗ್ಗದ ಉಂಡೆಯನ್ನು ಬುಟ್ಟಿಗೆ ಹಾಕಿದರು.

“ನಿನ್ನ ತಂದೆ ಕೂರುತ್ತಿದ್ದ ಸ್ಟೂಲು ಎಲ್ಲಿದೆ?”

“ಕಾರ್ಖಾನೆಯ ಮುಂದಿನ ಹಜಾರದಲ್ಲಿ. ಗಾಜಿನ ಪೆಟ್ಟಿಗೆಯೊಳಗೆ. ಅವರ ತಿರುಪುಳಿಯೂ ಅಲ್ಲೇ ಇದೆ. ಬಂದವರೆಲ್ಲ ಕೈಮುಗಿಯುತ್ತಾರೆ.”

“ಕೂರುವವರು?”

“ಯಾರೂ ಇಲ್ಲ.”

“ಗಟ್ಟಿಮುಟ್ಟಾಗಿದೆಯೇ?”

“ಹೊನ್ನೆ ಮರದ್ದು, ಗುರುಗಳೇ. ಇನ್ನೂ ನೂರು ವರ್ಷ ಬರುತ್ತದೆ.”

“ಪಾಪ.”

ನದಿಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಕೊನೆಗೆ ಮಂದಾಕಿನಿ ಕೇಳಿದಳು. “ಈಗ ಕಿಟಕಿ ತೆರೆದರೆ ಕಾರ್ಖಾನೆ ಉಳಿಯುತ್ತದೆಯೇ?”

“ನನಗೆ ಗೊತ್ತಿಲ್ಲ.”

“ಒಬ್ಬ ಕೆಂಪಾಜಮ್ಮನಿಂದ ಇನ್ನೂರ ಹನ್ನೆರಡು ಜನಕ್ಕೆ ಕೆಲಸ ಸಿಗುವುದಿಲ್ಲ.”

“ಇಲ್ಲ.”

“ಮತ್ತೆ?”

“ನೀನು ಎಂಟೂವರೆಗೆ ಬಂದೆ. ಆಗ ನಿನಗೆ ಎಷ್ಟು ತಪ್ಪುಗಳು ಗೊತ್ತಿದ್ದವು?”

“ಒಂದೂ ಇಲ್ಲ.”

“ಈಗ?”

ಅವಳು ಲೆಕ್ಕ ಹಾಕಿದಳು. ಗಾಜು. ಇಟ್ಟಿಗೆ ಕಟ್ಟಿದ ಕಿಟಕಿ. ಒಂಬತ್ತರವರೆಗೆ ಒತ್ತಿಸಿದ ಫೋನು. ಬರ್ಫಿ.

ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ತಡೆಯಲಿಲ್ಲ.

“ಒಂದು ಮುದ್ದೆ ಹಿಟ್ಟಿಗೆ ನಾಲ್ಕು,” ಎಂದಳು.

ಒಳಗಿನಿಂದ ಕೆಂಪಾಜಮ್ಮ ಕೂಗಿದಳು. “ಅವ್ವಾ, ಮಾತು ಸಾಕು! ಹಂಚು ಕಾದೈತೆ!”

ಮಂದಾಕಿನಿ ಒಳಗೆ ಹೋಗಿ ಹಿಟ್ಟು ಮುಗಿಸಿದಳು. ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು. ಎರಡನೆಯದು ದುಂಡಗಾಯಿತು. ಹಳೆಯ ರೇಡಿಯೋ ಮತ್ತೆ ಹಾಡುತ್ತಿತ್ತು. ನಡುವೆ ದನಿ ಏರಿದಾಗ ಅವಳು ಮಣಿಕಟ್ಟಿನಿಂದ ತಿರುಪನ್ನು ತಿರುಗಿಸಿದಳು. ಅದು ಒಡನೆಯೇ ತಗ್ಗಿತು. ತಿರುಪಿನ ಅಂಚಿನ ಗೀರುಗಳು ಚರ್ಮಕ್ಕೆ ತಾಕಿದವು. ಆ ಗೀರುಗಳನ್ನು ಯಾರು, ಏಕೆ ಕೆತ್ತಿಸಿದರೆಂದು ಅವಳಿಗೆ ಈಗ ತಿಳಿದಿತ್ತು.

ತಿಂಡಿಯ ಬಳಿಕ ಕೈ ತೊಳೆದು ಜಗಲಿಗೆ ಬಂದಳು. ಕಲ್ಲನ್ನು ಸರಿಸಿ ಕಾಗದಗಳನ್ನು ಎತ್ತಿಕೊಂಡಳು. ಎರಡಾಗಿ ಮಡಿಸಿ ಚೀಲದೊಳಗಿಟ್ಟಳು. ಗುರುಗಳು ಕಂಬಕ್ಕೊರಗಿ ಕುಳಿತಿದ್ದರು.

“ಇವತ್ತು ನಾನು ಸಹಿ ಹಾಕುವುದಿಲ್ಲ, ಗುರುಗಳೇ. ಒಂದು ವರ್ಷದ ಗಡುವು ಕೇಳುತ್ತೇನೆ. ಗಾಜಿನ ಪೆಟ್ಟಿಗೆಯಿಂದ ಸ್ಟೂಲನ್ನು ತೆಗೆಸುತ್ತೇನೆ. ಕಿಟಕಿಯ ಇಟ್ಟಿಗೆ ಒಡೆಸುತ್ತೇನೆ. ಶನಿವಾರ ಶನಿವಾರ ನಾನೇ ಕೂರುತ್ತೇನೆ. ಅಲ್ಲಿ ಕೇಳಿಸಿಕೊಳ್ಳದೆ ಹೊಸ ಸೆಟ್ಟಿನ ನಕ್ಷೆ ಹಾಕಿಸುವುದಿಲ್ಲ.”

ಗುರುಗಳು ತಲೆದೂಗಿದರು.

“ಇದಕ್ಕೆಲ್ಲ ಸ್ವಲ್ಪ ಸಿದ್ಧತೆ ಬೇಕು,” ಅವಳು ಮುಂದುವರಿಸಿದಳು. “ಮಂಡಳಿಯ ಒಪ್ಪಿಗೆ, ಒಂದು ಸಣ್ಣ ಸಮಾರಂಭ, ಆಹ್ವಾನಪತ್ರಿಕೆ. ಯುಗಾದಿಗೆ ಆರಂಭಿಸಿದರೆ ಚೆನ್ನಾಗಿರುತ್ತದೆ.”

ಗುರುಗಳು ಅಡುಗೆಮನೆಯತ್ತ ಕೈತೋರಿಸಿದರು. ಕೆಂಪಾಜಮ್ಮ ಡಬ್ಬ, ಜಾಡಿಗಳನ್ನು ಕೆಳಗಿಟ್ಟು, ಗಾಜಿನ ಸೆಟ್ಟುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ತುಂಬುತ್ತಿದ್ದಳು.

“ನಾಳೆ ಶನಿವಾರ,” ಎಂದರು ಗುರುಗಳು. “ಅವಳು ಮೊದಲ ಬಸ್ಸಿಗೇ ಹೊರಡುತ್ತಾಳೆ.”