ಹರಕುಮೂಲೆಗೆ ಆ ಹೆಸರು ಬಂದದ್ದು

ಕರಡಿನಾಳದಲ್ಲಿ ಬಸ್ಸಿಳಿದು ಪಶ್ಚಿಮಕ್ಕೆ ನಡೆದರೆ ಕೆಂಪು ಮರಳುಗಲ್ಲಿನ ಗುಡ್ಡವೊಂದು ಎದುರಾಗುತ್ತದೆ. ಅದರ ನೆತ್ತಿಯ ಮೇಲೆ ಮರವಿಲ್ಲ, ಗುಡಿಯಿಲ್ಲ. ನಡುವಿನಲ್ಲಿ ಬಾಯಿ ತೆರೆದ ಗವಿ, ಗವಿಯ ಮುಂದೆ ಅಗಲವಾದ ಹಾಸುಬಂಡೆ. ಈ ಗುಡ್ಡಕ್ಕೆ ಹರಕುಮೂಲೆ ಎಂದು ಹೆಸರು. ತೆಂಕಣ ಅಂಚು ಒಡೆದು ಬಿದ್ದಿರುವುದರಿಂದ ಈ ಹೆಸರು ಬಂತೆಂದು ಪರವೂರಿನವರು ತಾವೇ ತೀರ್ಮಾನಿಸಿಕೊಂಡು ಹೋಗುತ್ತಾರೆ. ಅದು ತಪ್ಪು. ಆ ಹೆಸರಿಗೂ ಕಲ್ಲಿಗೂ ಸಂಬಂಧವಿಲ್ಲ. ಅದು ಒಂದು ಕೌದಿಯಿಂದ ಬಂದದ್ದು.

ಹಿಂದೆ ಒಮ್ಮೆ, ಈ ಸೀಮೆಯನ್ನು ದೇಸಾಯಿಯೊಬ್ಬ ಆಳುತ್ತಿದ್ದ ಕಾಲದಲ್ಲಿ, ಕೋಟೆಯ ಗೋಡೆ ಕಟ್ಟಲು ಊರಿನ ಗಂಡಸರೆಲ್ಲ ಬಿಟ್ಟಿ ದುಡಿಯಬೇಕೆಂದು ಅಪ್ಪಣೆಯಾಯಿತು ಎನ್ನುತ್ತಾರೆ. ಹಿಂದಿನ ವರ್ಷ ಹೋದವರಲ್ಲಿ ಬಹಳ ಮಂದಿ ಮರಳಿರಲಿಲ್ಲ. ಆದ್ದರಿಂದ ಕರಡಿನಾಳದ ಗಂಡಸರು ಗವಿಯಲ್ಲಿ ಅಡಗಿದರು. ಬುತ್ತಿ ಒಯ್ಯಲು ಊರಿಗೆ ಬಂದ ಫಕೀರಪ್ಪನೆಂಬವನನ್ನು ದೇಸಾಯಿಯ ಸವಾರರು ಅವನ ಮನೆಯ ಅಂಗಳದಲ್ಲಿಯೇ ಹಿಡಿದು, ಅಂಗಾಲಿಗೆ ಕಾದ ಕಬ್ಬಿಣವಿಟ್ಟರು. ಮೊದಲ ಕಾಲಿಗೆ ಅವನು ಬಾಯಿ ಬಿಡಲಿಲ್ಲ. ಎರಡನೆಯದಕ್ಕೆ ಕೈಯೆತ್ತಿ ಗುಡ್ಡ ತೋರಿಸಿದ. ನಡೆಯಲಾರದ ಅವನನ್ನು ಹೊತ್ತೊಯ್ದು ಗವಿಯೊಳಕ್ಕೆ ಎಸೆದು, ಬಾಯಿಗೆ ಜಾಲಿಮುಳ್ಳು ಒಟ್ಟಿ ಬೆಂಕಿಯಿಟ್ಟರು. ಒಳಗಿದ್ದವರೆಲ್ಲ ಹೊಗೆಗೆ ಸತ್ತರು. ಸತ್ತವರಿಗಾಗಿ ಯಾರೂ ಅಳಕೂಡದು, ಹೆಸರೆತ್ತಕೂಡದು ಎಂದು ಡಂಗುರ ಸಾರಲಾಯಿತು.

ಊರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದ ಬಾಳವ್ವನ ಒಬ್ಬನೇ ಮಗ ಪರಸಪ್ಪನೂ ಆ ಗವಿಯಲ್ಲಿದ್ದ. ಅವಳಿಗೆ ಅಳು ಬರಲಿಲ್ಲ. ಒಲೆ ಹಚ್ಚಲಿಲ್ಲ, ನಿದ್ದೆ ಹತ್ತಲಿಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿಗೆ ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ತುಂಡು ಯಾರದು, ಅವರು ಎಂಥವರು ಎಂಬುದನ್ನು ತಂದವರು ಹೇಳಿ ಮುಗಿಸುವ ತನಕ ಸೂಜಿ ಚುಚ್ಚುವಂತಿಲ್ಲ; ಕೇಳಿದ ಮೇಲೆ ಹೊಲಿಯದೆ ಬಿಡುವಂತಿಲ್ಲ. ಅಳಬೇಡವೆಂದ ದೇಸಾಯಿ ಹೊಲಿಯಬೇಡವೆಂದಿರಲಿಲ್ಲ. ಬಾಳವ್ವ ಮಗನ ಅಂಗಿಯನ್ನು ತಂದು ಹಾಸುಬಂಡೆಯ ಮೇಲೆ ಹರವಿ ಕುಳಿತಳು. ಒಬ್ಬೊಬ್ಬರಾಗಿ ಹೆಂಗಸರು ಬಂದು ಸೇರಿದರು.

"ಇದು ನಮ್ಮನಿಯವರ ಧೋತರ," ಎಂದಳು ನೆರೆಮನೆಯ ಕೆಂಚವ್ವ. "ಕುಡದು ಬಂದ್ರ ಬಾಗಲಾ ಬಿಟ್ಟು ಎತ್ತಿನ ಗ್ವಾದ್ಲಿ ಬಡೀತಿದ್ರು. ಎತ್ತು ಎದ್ದು ನಿಂದರತಿತ್ತು, ನಾ ಏಳತಿದ್ದಿಲ್ಲ."

ಹೆಂಗಸರು ನಕ್ಕರು. ನಗುತ್ತಿದ್ದಂತೆಯೇ ಅಳತೊಡಗಿದರು. ಕಾವಲಿನ ಸವಾರ ಬಂದು ಗದರಿದರೆ, "ಸೂಜಿ ಚುಚ್ಚೈತ್ರೀ ಧಣೀ," ಎಂದು ಬೆರಳು ತೋರಿಸಿದರು. ಹೀಗೆ ಹೇಳುತ್ತ, ಹೊಲಿಯುತ್ತ ಅವರ ಎದೆಯ ಭಾರ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಆರಿದ ಒಲೆಗಳು ಮತ್ತೆ ಹೊತ್ತಿದವು. ಬಾಳವ್ವನಿಗೂ ನಿದ್ದೆ ಬರತೊಡಗಿತು.

ಆಗ ಫಕೀರಪ್ಪನ ಹೆಂಡತಿ ದುರ್ಗವ್ವ ಗಂಡನ ರುಮಾಲು ಹಿಡಿದು ಬಂದಳು.

"ಯಕ್ಕಾ, ಇದರದು ನಾನೂ ಹೇಳ್ತೀನಿ."

"ಅವನ ಸುದ್ದಿ ಗವಿನs ಹೇಳೈತಿ," ಎಂದಳು ಕೆಂಚವ್ವ.

ದುರ್ಗವ್ವ ಅವಳತ್ತ ತಿರುಗಲಿಲ್ಲ. "ತೋರಿಸಿದ ಕೈ ಅವರದs. ಇಲ್ಲ ಅನ್ನೂದಿಲ್ಲ. ಆದ್ರ ಅವರ ಕಾಲು ನೀವ್ಯಾರೂ ನೋಡಿಲ್ಲ. ಹೊಲಿಬ್ಯಾಡ ಬೇಕಾರ, ಕೇಳಷ್ಟs ಕೇಳು ಯಕ್ಕಾ."

ಬಾಳವ್ವ ದಾರಕ್ಕೆ ಮೇಣ ಹಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. ಕೇಳಿದರೆ ಹೊಲಿಯಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ನನ್ನ ಕಿವಿ ತುಂಬೇತಿ. ಹೋಗು."

ದುರ್ಗವ್ವ ಹೋಗಲಿಲ್ಲ. ದಿನವೂ ಬಂದು ಬಂಡೆಯ ಅಂಚಿನಲ್ಲಿ ಕುಳಿತಳು. ಅವಳು ಕುಳಿತ ಕಡೆಯಿಂದ ಹೆಂಗಸರು ಚಾಪೆ ಎಳೆದುಕೊಂಡು ಆಚೆಗೆ ಸರಿದರು. ಅವಳು ಅನ್ನ ನೀರು ಬಿಟ್ಟಿದ್ದನ್ನು ಎಲ್ಲರೂ ಕಂಡರು, ಯಾರೂ ಮಾತೆತ್ತಲಿಲ್ಲ. ಬಾಳವ್ವ ಮಗನ ಅಂಗಿಯನ್ನು ಕೊನೆಯ ಮೂಲೆಗೆ ಹೊಲಿದು ಕೌದಿ ಮುಗಿಸಿದಳು. ಮರುದಿನ ಬೆಳಿಗ್ಗೆ ಗವಿಯ ಬಾಯಲ್ಲಿ ದುರ್ಗವ್ವನ ಹೆಣ ಕಂಡಿತು.

ಹೆಣಕ್ಕೆ ಹೊದಿಸಲು ಯಾವ ಮನೆಯಿಂದಲೂ ಒಂದು ಅರಿವೆ ಬರಲಿಲ್ಲ. ಬಾಳವ್ವ ಬಗ್ಗಿ ಆ ಬಿಗಿದ ಮುಷ್ಟಿಯನ್ನು ಬಿಡಿಸಿ ರುಮಾಲು ತೆಗೆದಳು. ಸವಾರರು ಹೊತ್ತೊಯ್ಯುವ ಮುನ್ನ ದುರ್ಗವ್ವ ಅದರಿಂದ ಗಂಡನ ಅಂಗಾಲು ಒರೆಸಿದ್ದಳು. ಬೆಂದ ತೊಗಲು ಬಟ್ಟೆಗೆ ಅಂಟಿ ಒಣಗಿತ್ತು. ಬಾಳವ್ವ ಅದನ್ನು ನೋಡಿ, ಮಡಚಿ ಹೆಣದ ಪಕ್ಕದಲ್ಲಿಟ್ಟಳು. ಆಮೇಲೆ ಮನೆಗೆ ಹೋಗಿ ಕೌದಿಯನ್ನೂ ಕುಡುಗೋಲನ್ನೂ ತಂದಳು.

"ನಿನ್ನ ಮಗನ ಮೂಲೀನs ಕೊಯ್ತೀಯೇನ?" ಎಂದು ಕೆಂಚವ್ವ ಕೈ ಹಿಡಿದಳು.

"ಬ್ಯಾರೆಯವರ ಮಕ್ಕಳದು ಕೊಯ್ಯಾಕ ನನಗೇನ ಹಕ್ಕೈತಿ? ಕೈ ಬಿಡು."

ಕೊಯ್ದ ಮೂಲೆಯನ್ನು ದುರ್ಗವ್ವನಿಗೆ ಹೊದಿಸಿದಳು. ಅದು ಎದೆಯವರೆಗಷ್ಟೇ ಮುಚ್ಚಿತು. ಅವಳ ಪಕ್ಕದಲ್ಲಿ ಕುಳಿತು ಫಕೀರಪ್ಪನ ಹೆಸರೆತ್ತಿ, ಅವನು ಏನು ಮಾಡಿದನೆಂದೂ ಅವನಿಗೆ ಏನು ಮಾಡಿದರೆಂದೂ ಗಟ್ಟಿಯಾಗಿ ಹೇಳಿದಳು. ಕೇಳಬೇಕಾಗಿದ್ದ ಕಥೆಯನ್ನು ಈಗ ಅವಳೇ ಹೇಳಬೇಕಾಯಿತು. ತಪ್ಪಾದರೆ ತಿದ್ದುವವಳು ಇರಲಿಲ್ಲ. ಮುಂದೆ ಆ ರುಮಾಲನ್ನು ಕೌದಿಯ ಹರಕಿಗೆ ಹೊಲಿದಳೆಂದು ಕೆಲವರು ಹೇಳುವುದುಂಟು. ಅದು ಸುಳ್ಳು. ರುಮಾಲು ದುರ್ಗವ್ವನ ಜೊತೆ ಮಣ್ಣಿಗೆ ಹೋಯಿತು. ಬಾಳವ್ವ ಮತ್ತೆ ಸೂಜಿ ಹಿಡಿಯಲಿಲ್ಲ. ಮೂಲೆಯಿಲ್ಲದ ಕೌದಿ ಬಂಡೆಯ ಮೇಲೆ ಬಿಸಿಲು ಮಳೆಗೆ ಕರಗುವವರೆಗೂ ಹಾಸಿದಂತೆಯೇ ಇತ್ತು. ಅಂದಿನಿಂದ ಗುಡ್ಡಕ್ಕೆ ಹರಕುಮೂಲೆ ಎಂದೇ ಹೆಸರು.

ಇಂದಿಗೂ ಬಂಡೆಯ ಮೇಲೆ ಅಲ್ಲಲ್ಲಿ ಕಲ್ಲಿನಡಿ ಒತ್ತಿಟ್ಟ ಬಟ್ಟೆಯ ತುಂಡುಗಳು ಕಾಣುತ್ತವೆ. ಮನೆಯಲ್ಲಿ ಯಾರ ಹೆಸರನ್ನು ಎತ್ತುವಂತಿಲ್ಲವೋ ಅವರ ಬಟ್ಟೆ ಅದು: ನೇಣು ಹಾಕಿಕೊಂಡವರದು, ಕೊಲೆ ಮಾಡಿ ಜೈಲಿನಲ್ಲಿ ಸತ್ತವರದು. ತಂದವರು ಇದ್ದದ್ದನ್ನು ಇದ್ದಂತೆ ಹೇಳಿ ಇಟ್ಟುಹೋಗಬೇಕು. ಅಲ್ಲಿ ಇನ್ನೊಬ್ಬರು ಇದ್ದರೆ, ಅವರಿಗೆ ಎಷ್ಟೇ ಕೆಲಸವಿದ್ದರೂ, ಹೇಳಿ ಮುಗಿಯುವವರೆಗೆ ಕುಳಿತು ಕೇಳಬೇಕು. ಎದ್ದು ಹೋಗುವಂತಿಲ್ಲ.