ಹುಂಜ ಕೋಚಿನ ಗಂಟಲು ಕಟ್ಟಿದ ದಿನ

ಕಾಡಿನ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಆಮೆಯೇ ಗೋಲ್‌ಕೀಪರ್. ಕೋಚ್ ಹುಂಜನಿಗೆ ಬೆಳಗಾಗುವುದೇ ಬೈಗುಳದಿಂದ. "ಲೇ ಕಲ್ಲುಗುಂಡೇ, ಇವತ್ತು ಇನ್ನೊಂದು ಗೋಲು ಬಿಟ್ಟೆಯೋ, ನಾಳೆಯಿಂದ ನೀನು ತಂಡದಲ್ಲಿಲ್ಲ!" ಹುಂಜ ಕಿರುಚಿದಷ್ಟೂ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತಿತ್ತು. ಪಾಪ, ಅದಕ್ಕೆ ಚೆಂಡು ಬಂದದ್ದೂ ಕಾಣದು, ಹೋದದ್ದೂ ಕಾಣದು.

ಅವತ್ತಿನ ಪಂದ್ಯದಲ್ಲಿ ಎದುರು ತಂಡದ ಕೋಚ್ ಎಮ್ಮೆ ಮೈದಾನದ ಗೆರೆಯಾಚೆ ಸುಮ್ಮನೆ ನಿಂತಿತ್ತು.

"ಏನಕ್ಕಾ, ಬಾಯಿರುವುದು ಮೆಲುಕು ಹಾಕಲಿಕ್ಕೆ ಮಾತ್ರವೇ?" ಎಂದು ಹುಂಜ ಕೆಣಕಿತು.

"ಆಟ ಮುಗಿಯುವವರೆಗೂ ನೋಡುತ್ತೇನೆ ತಮ್ಮಾ. ಹೇಳುವುದೇನಿದ್ದರೂ ಆಮೇಲೆ," ಎಂದಿತು ಎಮ್ಮೆ.

ಕೂಗಿ ಕೂಗಿ ಕೊನೆಗೆ ಹುಂಜನ ಗಂಟಲು ಕಟ್ಟಿಹೋಯಿತು. ಅದೇ ಹೊತ್ತಿಗೆ ಎದುರು ತಂಡದ ಮೊಲ ಚೆಂಡನ್ನು ಒದೆಯಿತು. 'ಕೋಚ್ ಸದ್ದೇ ಇಲ್ಲವಲ್ಲ, ಗೊಟಕ್ ಅಂದುಬಿಟ್ಟರೋ ಏನೋ?' ಎಂದು ಆಮೆ ಮೆಲ್ಲಗೆ ತಲೆ ಹೊರಹಾಕಿದರೆ, ಚೆಂಡು ಎದುರಿಗೇ! ಜನ್ಮದಲ್ಲಿ ಮೊದಲ ಸಲ ಚೆಂಡು ಬರುವುದನ್ನು ಕಂಡ ಆಮೆ ಸರಕ್ಕನೆ ಸರಿದು ಬೆನ್ನು ಕೊಟ್ಟಿತು. ಠಣ್! ಗೋಲು ತಪ್ಪಿತು.

ಆಟ ಮುಗಿದದ್ದೇ ಆಮೆಗೆ "ಭೇಷ್!" ಎಂದಿತು ಎಮ್ಮೆ, ಎದುರು ತಂಡದ್ದಾದರೂ.

ಮರುದಿನ ಗಂಟಲು ಸರಿಹೋದ ಹುಂಜ ಬೈಯಲು ಕೊಕ್ಕು ತೆರೆಯಿತು. ಆಮೆಯ ತಲೆ ಆಗಲೇ ಅರ್ಧ ಒಳಗೆ. ಅದನ್ನು ಕಂಡ ಹುಂಜ ಕೊಕ್ಕು ಮುಚ್ಚಿಕೊಂಡು, ಗೆರೆಯಾಚೆ ಹೋಗಿ ಸುಮ್ಮನೆ ಕಾಳು ಹೆಕ್ಕತೊಡಗಿತು. ಆಮೆಯ ಕತ್ತು ಪೂರ್ತಿ ಹೊರಗೆ ಬಂತು.